ಸರ್ಪಗಂಧಿಯ ಸಾಕ್ಷ್ಯ: ತನು-ಮನಗಳ ವ್ಯಾಧಿ ಮತ್ತು ಚಿಕಿತ್ಸೆ

ತನು-ಮನ ಎಂಬುದು ಕನ್ನಡದಲ್ಲಿ ಜೋಡಿಪದ. ಶರಣರ ವಚನಗಳಲ್ಲಿಯಂತೂ ತನುವಿನ ಮಾತು ಬಂದೆಡೆ ಮನದ ಮಾತು ಅದರ ಬೆನ್ನಿಗೇ ಬರುವುದನ್ನು ವಚನಾಭ್ಯಾಸಿಗಳೆಲ್ಲರೂ ಬಲ್ಲರು. ಆದರೆ ವ್ಯಾಧಿಯ ಪ್ರಸಂಗ ಬಂದೊಡನೆ ನಾವು ಈ ಜೋಡಿಯನ್ನು ಮುರಿದುಬಿಡುತ್ತೇವೆ. ತನುವಿಗೆ ಜ್ವರ ಬಂದರೆ ಅದೇ ದಿನ ವೈದ್ಯರ ಬಾಗಿಲು ತಟ್ಟುವ ನಾವು, ಮನಸ್ಸಿಗೆ ವ್ಯಾಧಿ ತಗುಲಿದರೆ ನಮ್ಮ ಮನೆಯ ಬಾಗಿಲನ್ನೇ ಮುಚ್ಚಿಕೊಳ್ಳುತ್ತೇವೆ. ರೋಗಿಯ ಹಠವೆಂದು, ಸೋಮಾರಿತನವೆಂದು, ಹಿಂದಿನ ಕರ್ಮವೆಂದು, ಯಾರೋ ಮಾಡಿಸಿದ ಮಾಟವೆಂದು, ಭಕ್ತಿ ಸಾಲದೆಂದು ನಾನಾ ಬಗೆಯ ಕಾರಣಗಳು ಹುಟ್ಟಿಕೊಳ್ಳುತ್ತವೆ. ಇದು ಓದುಬರಹ ಬಾರದವರ ಮಾತು ಮಾತ್ರವಲ್ಲ. ‘ಮನಸ್ಸು ಸೂಕ್ಷ್ಮವಾದುದು, ಗುಳಿಗೆ ಸ್ಥೂಲವಾದುದು; ಸ್ಥೂಲವು ಸೂಕ್ಷ್ಮವನ್ನು ಹೇಗೆ ಮುಟ್ಟೀತು?’ ಎಂದು ಶಾಸ್ತ್ರವನ್ನು ಬಲ್ಲ ಸಜ್ಜನರೇ ಕೇಳುವುದುಂಟು.

ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ತರ್ಕದಿಂದ ಉತ್ತರ ಹೇಳಹೊರಟರೆ ವಾದವೇ ಬೆಳೆದೀತು. ಅದಕ್ಕೆ ಬದಲಾಗಿ ನಮ್ಮ ನೆಲದಲ್ಲಿಯೇ ಬೆಳೆಯುವ ಒಂದು ಗಿಡದ ಬೇರು ಕಳೆದ ನೂರು ವರ್ಷಗಳಲ್ಲಿ ಹೇಳಿದ ಸಾಕ್ಷ್ಯವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮ ಪ್ರಾಚೀನರ ಅಭಿಪ್ರಾಯವನ್ನು ಸಂಕ್ಷೇಪವಾಗಿ ನೋಡಬಹುದು. ಶರೀರ ಮತ್ತು ಸತ್ತ್ವ, ಅಂದರೆ ಮನಸ್ಸು, ಇವೆರಡೂ ರೋಗಕ್ಕೆ ಆಶ್ರಯಗಳೆಂದು ಚರಕಸಂಹಿತೆ ಒಪ್ಪುತ್ತದೆ. ವಾತ ಪಿತ್ತ ಕಫಗಳು ಶರೀರದ ದೋಷಗಳಾದರೆ ರಜಸ್ಸು ತಮಸ್ಸುಗಳು ಮನಸ್ಸಿನ ದೋಷಗಳು. ಜ್ವರಾದಿ ಶಾರೀರಿಕ ವಿಕಾರಗಳೂ ಕಾಮಶೋಕಾದಿ ಮಾನಸಿಕ ವಿಕಾರಗಳೂ ಬೇರೂರಿ ನಿಂತಾಗ ಒಂದನ್ನೊಂದು ಹಿಂಬಾಲಿಸಿ ಬೆರೆತುಕೊಳ್ಳಬಹುದೆಂಬ ಮಾತೂ ಅಲ್ಲಿದೆ. ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ನಾಲ್ಕಕ್ಕೆ ಶರೀರದ ದೋಷಗಳನ್ನೇ ಕಾರಣವಾಗಿ ಹೇಳಿ, ಐದನೆಯದೊಂದನ್ನು ಮಾತ್ರ ಆಗಂತುಕವೆಂದು ಗ್ರಹಾದಿಗಳಿಗೆ ಬಿಟ್ಟಿರುವುದು ಗಮನಾರ್ಹವಾಗಿದೆ. ಚಿಕಿತ್ಸೆಯೂ ಮೂರು ತೆರ. ಮಣಿಮಂತ್ರ ಹೋಮಾದಿಗಳ ದೈವವ್ಯಪಾಶ್ರಯ, ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯ. ಇಷ್ಟನ್ನು ಹೇಳಿದೊಡನೆ ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಹೆಮ್ಮೆಪಡುವ ಅಭ್ಯಾಸ ಕೆಲವರಿಗುಂಟು. ಇದ್ದುದು ದಾರಿ ಮಾತ್ರ; ಆ ದಾರಿಯಲ್ಲಿ ಮುಂದೆ ನಡೆದವರು ಯಾರು, ಎಷ್ಟು ದೂರ ಎಂಬುದು ಬೇರೆ ವಿಚಾರ.

ಸರ್ಪಗಂಧಿ ಕಣಗಿಲೆಯ ಕುಟುಂಬಕ್ಕೆ ಸೇರಿದ ಚಿಕ್ಕ ಗಿಡ. ಹಿಮಾಲಯದ ತಪ್ಪಲಿನಿಂದ ಪಶ್ಚಿಮಘಟ್ಟದವರೆಗೆ ತೇವವುಳ್ಳ ಕಾಡಿನ ನೆರಳಿನಲ್ಲಿ ಮೊಣಕಾಲೆತ್ತರ ಬೆಳೆಯುತ್ತದೆ. ಕೆಂಪು ತೊಟ್ಟಿನ ಬಿಳಿಯ ಹೂಗೊಂಚಲು, ಹಣ್ಣಾದಾಗ ಕಪ್ಪಡರುವ ಪುಟ್ಟ ಕಾಯಿಗಳು, ಹಾವಿನಂತೆ ಬಳುಕಿದ ಕಹಿಬೇರು. ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯೂ ಹಿಂದಿನಿಂದ ಇತ್ತು. ಆ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬಿಹಾರದ ಕಡೆ ಜನರು ಈ ಬೇರನ್ನು ‘ಪಾಗಲ್ ಕೀ ದವಾ’, ಹುಚ್ಚರ ಮದ್ದು, ಎಂದೇ ಕರೆಯುತ್ತಿದ್ದರು. ಈ ಎರಡನೆಯ ಹೆಸರು ಮಾತ್ರ ಪರೀಕ್ಷೆಯಲ್ಲಿ ಗೆದ್ದಿತು.

೧೯೩೧ರಲ್ಲಿ ಕಲ್ಕತ್ತೆಯ ಕವಿರಾಜ ಗಣನಾಥ ಸೇನರು ಮತ್ತು ಡಾ. ಕಾರ್ತಿಕಚಂದ್ರ ಬೋಸರು ಈ ಬೇರಿನ ಬಗ್ಗೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸೇನರು ಆಯುರ್ವೇದ ಹಾಗೂ ಪಾಶ್ಚಾತ್ಯ ವೈದ್ಯ ಎರಡರಲ್ಲಿಯೂ ಪರಿಣತರಾಗಿದ್ದವರು. ಆ ಪ್ರಬಂಧದ ವಿಶೇಷವೆಂದರೆ, ಒಂದೇ ಬೇರು ಎರಡು ರೋಗಗಳಲ್ಲಿ ಉಪಯುಕ್ತವೆಂದು ಅವರು ಒಟ್ಟಿಗೆ ಹೇಳಿದ್ದು: ಒಂದು, ಆರ್ಭಟದಿಂದ ಕೂಡಿದ ಉನ್ಮಾದ, ಇನ್ನೊಂದು, ರಕ್ತದ ಅಧಿಕ ಒತ್ತಡ. ಒಂದು ಮನಸ್ಸಿನ ರೋಗ, ಒಂದು ನಾಳದ ರೋಗ. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಒಂದಕ್ಕೆ ತಮ್ಮ ಪೋಷಕರಾದ ಹಕೀಮ್ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲಿನ್ ಎಂದು ಹೆಸರಿಟ್ಟರು. ಕವಿರಾಜರು, ಡಾಕ್ಟರು, ಹಕೀಮರು ಒಂದೇ ಬೇರಿನ ಸುತ್ತ ಸೇರಿದ ಅಪೂರ್ವ ಪ್ರಸಂಗವಿದು.

ಆದರೆ ಜಗತ್ತು ಇದನ್ನು ಕಿವಿಗೆ ಹಾಕಿಕೊಳ್ಳಲು ಹದಿನೆಂಟು ವರ್ಷ ಬೇಕಾಯಿತು. ೧೯೪೯ರಲ್ಲಿ ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದಲ್ಲಿ ಸರ್ಪಗಂಧಿಯ ಗುಣವನ್ನು ಕುರಿತು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಎಲ್ಲರ ಕಣ್ಣು ಇತ್ತ ಹೊರಳಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಬೇರಿನ ಸಾರವಾದ ರೆಸರ್ಪಿನ್ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ತೆಗೆದರು. ೧೯೫೪ರಲ್ಲಿ ನ್ಯೂಯಾರ್ಕ್ ರಾಜ್ಯದ ಸರ್ಕಾರೀ ಮಾನಸಿಕ ಆಸ್ಪತ್ರೆಯೊಂದರ ಡಾ. ನೇಥನ್ ಕ್ಲೈನರು ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲಿತಾಂಶವನ್ನು ಪ್ರಕಟಿಸಿದರು. ೧೯೫೭ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ವೈದ್ಯಪುರಸ್ಕಾರವು ವಕೀಲರಿಗೂ ಕ್ಲೈನರಿಗೂ ಒಂದೇ ವರ್ಷ ಸಂದಿತು. ಹೃದಯದ ವೈದ್ಯರೊಬ್ಬರು, ಮನಸ್ಸಿನ ವೈದ್ಯರೊಬ್ಬರು. ಇಬ್ಬರ ಕೈಯಲ್ಲಿಯೂ ಇದ್ದುದು ಒಂದೇ ಬೇರು.

ಆ ಕಾಲದ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ೧೯೫೫ರಲ್ಲಿ ಅಮೆರಿಕದ ಸರ್ಕಾರೀ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ೫.೫ ಲಕ್ಷ ರೋಗಿಗಳಿದ್ದರು. ಹಲವರಿಗೆ ಅದೇ ಮನೆ, ಅದೇ ಮಸಣ. ೧೯೫೨ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಎಂಬ ಔಷಧವೂ ರೆಸರ್ಪಿನ್ನೂ ಕೂಡಿ ಆರ್ಭಟಿಸುತ್ತಿದ್ದವರನ್ನು ಶಾಂತಗೊಳಿಸಿದವು. ಮಾತಿಗೆ ಸಿಗದವರು ಮಾತಿಗೆ ಸಿಕ್ಕರು. ಅಲ್ಲಿಂದ ಮುಂದೆ ಆ ಸಂಖ್ಯೆ ಇಳಿಯತೊಡಗಿತು. ಇಳಿದುದಕ್ಕೆ ಔಷಧವೊಂದೇ ಕಾರಣವಲ್ಲ, ಸರ್ಕಾರಗಳ ನೀತಿಯೂ ಕಾರಣ. ಹೊರಬಂದವರಲ್ಲಿ ಅನೇಕರು ಬೀದಿಪಾಲಾದರೆಂಬುದನ್ನೂ ಮರೆಯಬಾರದು.

ಸರ್ಪಗಂಧಿಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ರಕ್ತದೊತ್ತಡಕ್ಕೆಂದು ರೆಸರ್ಪಿನ್ ಸೇವಿಸುತ್ತಿದ್ದವರಲ್ಲಿ ಕೆಲವರು ಕಾರಣವಿಲ್ಲದೆ ಮಂಕಾದರು, ಬದುಕಿನಲ್ಲಿ ರುಚಿ ಕಳೆದುಕೊಂಡರು. ಇನ್ನು ಕೆಲವರಿಗೆ ಕೈ ನಡುಗಿ ಮೈ ಬಿಗಿದು ಕಂಪವಾತದ ಲಕ್ಷಣಗಳು ಕಂಡವು. ಮದ್ದು ಕೊಟ್ಟುದು ರಕ್ತನಾಳಕ್ಕೆ, ವ್ಯಥೆ ಬಂದುದು ಮನಸ್ಸಿಗೆ! ಇದು ಹೇಗೆ? ಇದನ್ನು ಬಿಡಿಸಿದವರು ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ನರು. ರೆಸರ್ಪಿನ್ ಕೊಟ್ಟ ಮೊಲಗಳು ಕಿವಿ ಇಳಿಬಿಟ್ಟು ಮುದ್ದೆಯಾಗಿ ಬಿದ್ದುಕೊಳ್ಳುತ್ತಿದ್ದವು. ೧೯೫೭ರಲ್ಲಿ ಅವರು ಆ ಮೊಲಗಳಿಗೆ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಅವು ಸ್ವಲ್ಪಹೊತ್ತಿನಲ್ಲಿಯೇ ಕಿವಿ ನಿಮಿರಿಸಿ ಎದ್ದು ಓಡಾಡತೊಡಗಿದವು. ಈ ಶೋಧದ ಮಾರ್ಗದಿಂದಲೇ ಕಂಪವಾತಕ್ಕೆ ಇಂದಿಗೂ ಮುಖ್ಯವಾಗಿರುವ ಔಷಧ ದೊರೆಯಿತು; ೨೦೦೦ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ಬೇಲಿಯ ನಸುಗುನ್ನಿಯ ಬೀಜದಲ್ಲಿಯೂ ಈ ಎಲ್-ಡೋಪಾ ಧಾರಾಳವಾಗಿದೆಯೆಂಬುದನ್ನು ಸಾಂದರ್ಭಿಕವಾಗಿ ಹೇಳಬಹುದು.

ಈಗ ಒಳಗಿನ ಮರ್ಮಕ್ಕೆ ಬರೋಣ. ನರತಂತುಗಳು ಒಂದರೊಡನೊಂದು ಮಾತನಾಡುವುದು ಕೆಲವು ರಾಸಾಯನಿಕ ವಾಹಕಗಳ ಮೂಲಕ. ತಂತುವಿನ ತುದಿಯಲ್ಲಿರುವ ಅತಿಸೂಕ್ಷ್ಮ ಚೀಲಗಳಲ್ಲಿ ಈ ವಾಹಕಗಳು ಸಂಗ್ರಹವಾಗಿರುತ್ತವೆ. ರೆಸರ್ಪಿನ್ ಆ ಚೀಲಗಳ ಬಾಯಿಗೆ ಅಡ್ಡ ನಿಂತು ಒಳಗೆ ತುಂಬದಂತೆ ಮಾಡುತ್ತದೆ. ಹೊರಗುಳಿದ ವಾಹಕವು ನಶಿಸುತ್ತದೆ. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳಲ್ಲಿ ಹೀಗಾದಾಗ ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮೆದುಳಿನಲ್ಲಿ ಹೀಗಾದಾಗ ಆರ್ಭಟ ಇಳಿಯುತ್ತದೆ. ಕೆಲವೊಮ್ಮೆ ಉತ್ಸಾಹವೂ ಇಳಿಯುತ್ತದೆ, ಚಲನೆಯೂ ಕುಗ್ಗುತ್ತದೆ. ನಾಳದ ಗೋಡೆಗೂ ಮನಸ್ಸಿನ ಗೂಡಿಗೂ ಅಂಚೆ ಒಯ್ಯುವ ದೂತರ ಬಳಗ ಒಂದೇ. ಸ್ಥೂಲವು ಸೂಕ್ಷ್ಮವನ್ನು ಹೇಗೆ ಮುಟ್ಟೀತೆಂಬ ಪ್ರಶ್ನೆಗೆ ಸರ್ಪಗಂಧಿಯ ಉತ್ತರ ಇದು. ಮನಸ್ಸೆಂಬುದು ಈ ದ್ರವ್ಯಗಳಷ್ಟೇ ಎಂದು ನಾನು ಹೇಳುತ್ತಿಲ್ಲ. ವೀಣೆಯ ತಂತಿ ಸಡಿಲವಾದರೆ ರಾಗ ಕೆಡುತ್ತದೆ ಎಂದವನು ರಾಗವೆಂದರೆ ತಂತಿಯೇ ಎಂದು ಹೇಳಿದಂತಾಗುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ರೆಸರ್ಪಿನ್ನಿನ ಅನುಭವದಿಂದ ‘ಖಿನ್ನತೆಯೆಂದರೆ ಮೆದುಳಿನಲ್ಲಿ ಇಂಥ ದ್ರವ್ಯದ ಕೊರತೆ’ ಎಂಬ ಸರಳ ಸಮೀಕರಣವೊಂದು ಹುಟ್ಟಿತು. ಅದು ಬಹಳ ಕಾಲ ಚಲಾವಣೆಯಲ್ಲಿತ್ತು. ಇಂದು ವಿಜ್ಞಾನಿಗಳು ಅಷ್ಟಕ್ಕೆ ತೃಪ್ತರಲ್ಲ. ರೆಸರ್ಪಿನ್ ನಿಜವಾಗಿ ಎಷ್ಟು ಜನರಲ್ಲಿ ಖಿನ್ನತೆ ತಂದಿತೆಂಬುದೂ ಚರ್ಚೆಗೊಳಗಾಗಿದೆ. ಅನುವಂಶ, ಬಾಲ್ಯದ ಆಘಾತ, ಒಂಟಿತನ, ಬಡತನ, ಶರೀರದ ಬೇರೆ ರೋಗಗಳು ಇವೆಲ್ಲ ಹೆಣೆದುಕೊಂಡ ಸ್ಥಿತಿ ಅದು. ಎರಡನೆಯದಾಗಿ, ಈ ಲೇಖನವನ್ನು ಓದಿ ಯಾರೂ ಕಾಡಿಗೆ ಹೋಗಿ ಬೇರು ಅಗೆಯಬಾರದು. ಮನೋರೋಗಕ್ಕೆ ರೆಸರ್ಪಿನ್ನಿಗಿಂತ ನಿಯತವಾದ ಔಷಧಗಳು ಬಂದು ದಶಕಗಳಾದವು. ಬೇರನ್ನು ಅಳತೆಯಿಲ್ಲದೆ ತಿಂದರೆ ರಕ್ತದೊತ್ತಡ ಕುಸಿದು ಅಪಾಯವಾದೀತು. ಅಗೆದು ಅಗೆದು ಗಿಡವೇ ವಿರಳವಾಗಿ, ಅದರ ಅಂತರರಾಷ್ಟ್ರೀಯ ವ್ಯಾಪಾರ ಈಗ ನಿಯಂತ್ರಣಕ್ಕೆ ಒಳಪಟ್ಟಿದೆ.

ಇನ್ನು ತನುವಿನ ಕೊರತೆಯೇ ಮನೋರೋಗದ ವೇಷದಲ್ಲಿ ಬರುವ ಬಗೆಗೆ ಒಂದು ನಿದರ್ಶನ. ಪೆಲಾಗ್ರ ಎಂಬ ರೋಗದಲ್ಲಿ ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಕಡೆಗೆ ಬುದ್ಧಿ ಕದಡುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಇದು ಪಿಡುಗಾಗಿತ್ತು. ಅಲ್ಲಿಯ ಹುಚ್ಚಾಸ್ಪತ್ರೆಗಳಲ್ಲಿ ಇಂಥವರು ತುಂಬಿದ್ದರು. ೧೯೧೪ರ ಸುಮಾರಿಗೆ ಅಲ್ಲಿಗೆ ಹೋದ ಡಾ. ಜೋಸೆಫ್ ಗೋಲ್ಡ್‌ಬರ್ಗರರ ಕಣ್ಣಿಗೆ ಒಂದು ಸಂಗತಿ ಬಿತ್ತು: ರೋಗಿಗಳಿಗೆ ಪೆಲಾಗ್ರ ಬರುತ್ತದೆ, ಅವರೊಡನೆ ಹಗಲಿರುಳೂ ಇರುವ ಸೇವಕರಿಗೆ ಬರುವುದಿಲ್ಲ. ಅಂಟುರೋಗವಾದರೆ ಸೇವಕರನ್ನು ಬಿಡುತ್ತಿತ್ತೇ? ವ್ಯತ್ಯಾಸ ಇದ್ದುದು ತಟ್ಟೆಯಲ್ಲಿ. ಹಾಲು, ಮಾಂಸ, ಕಾಳುಗಳನ್ನು ಕೊಟ್ಟಾಗ ರೋಗ ಹೋಯಿತು. ೧೯೩೭ರಲ್ಲಿ ಕೊರತೆಯಾದ ಅಂಶ ನಯಾಸಿನ್ ಎಂಬ ಜೀವಸತ್ವವೆಂದು ಗೊತ್ತಾಯಿತು.

ಮೆಕ್ಕೆಜೋಳದ ನಾಡಿನ ಈ ರೋಗ ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳವನ್ನಷ್ಟೇ ಉಂಡು ಬದುಕುವ ಕಡುಬಡವರಲ್ಲಿಯೂ ಕಂಡುಬಂದಿತು. ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು ೧೯೬೦ರಲ್ಲಿ ಇದನ್ನು ವಿವೇಚಿಸಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಅಧಿಕವಾಗಿರುವುದೇ ಇದಕ್ಕೆ ಕಾರಣವಿರಬಹುದೆಂಬ ವಿವರಣೆಯನ್ನು ಮುಂದಿಟ್ಟರು. ಉತ್ತರ ಕರ್ನಾಟಕದ ವಾಚಕರು ಗಾಬರಿಯಾಗಬೇಕಿಲ್ಲ. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಮೊಸರು, ಶೇಂಗಾ ಚಟ್ನಿ ಇದ್ದವನಿಗೆ ಪೆಲಾಗ್ರದ ಭಯವಿಲ್ಲ. ರೊಟ್ಟಿಯ ಜೊತೆಗೆ ಉಪ್ಪು-ಖಾರವಷ್ಟೇ ಇದ್ದವನ ಮಾತು ಬೇರೆ. ಅಂಥವನು ನಿದ್ದೆಗೆಟ್ಟು, ಬಾಡಿ, ಏನೇನೋ ಗೊಣಗುತ್ತ ಕುಳಿತಾಗ ಊರಿನವರು ಅದನ್ನು ಗಾಳಿಸೋಕು ಎನ್ನುತ್ತಿದ್ದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಮಂದವಾದಾಗಲೂ ಬಿ೧೨ ಜೀವಸತ್ವ ಕಡಿಮೆಯಾದಾಗಲೂ ಹೀಗೆಯೇ ಖಿನ್ನತೆ, ಮರೆವು, ಮಂಕು ಕಾಣಿಸಿಕೊಳ್ಳಬಹುದು. ಮನೋವೈದ್ಯರು ಮೊದಲ ಭೇಟಿಯಲ್ಲಿಯೇ ರಕ್ತಪರೀಕ್ಷೆ ಬರೆದುಕೊಟ್ಟರೆ ‘ತಲೆ ನೋಡು ಎಂದರೆ ರಕ್ತ ನೋಡುತ್ತಾರೆ’ ಎಂದು ಗೊಣಗುವವರು ಇದನ್ನು ಲಕ್ಷಿಸಬೇಕು.

ಈಗ ವಿಲೋಮಕ್ರಮವನ್ನು ನೋಡೋಣ: ಮನದ ವ್ಯಾಧಿ ತನುವಿಗೆ ಇಳಿಯುವುದು. ಸಾಹಿತ್ಯದ ವಿದ್ಯಾರ್ಥಿಗಳು ಕನ್ನಡದ ನುಡಿಗಟ್ಟುಗಳನ್ನೇ ಸಾಕ್ಷಿಗೆ ಕರೆಯಬಹುದು. ಅಸೂಯೆಯಾದರೆ ಹೊಟ್ಟೆ ಉರಿಯುತ್ತದೆ, ಮರುಕವಾದರೆ ಕರುಳು ಚುರ್ ಎನ್ನುತ್ತದೆ, ಶೋಕವಾದರೆ ಎದೆ ಒಡೆಯುತ್ತದೆ, ಭಯವಾದರೆ ಕೈಕಾಲು ತಣ್ಣಗಾಗುತ್ತವೆ. ನಮ್ಮ ಜನ ಮನಸ್ಸಿನ ನೋವನ್ನು ಹೇಳುವುದೇ ಮೈಯ ಮಾತಿನಲ್ಲಿ. ಆದ್ದರಿಂದಲೇ ಖಿನ್ನತೆಗೆ ತುತ್ತಾದ ಹೆಣ್ಣುಮಗಳು ಬೇಸರವೆಂದು ಹೇಳಿಕೊಂಡು ವೈದ್ಯರಲ್ಲಿಗೆ ಹೋಗುವುದಿಲ್ಲ. ಮೈಕೈ ನೋವು, ತಲೆಯಲ್ಲಿ ಉರಿ, ಎದೆಯಲ್ಲಿ ಭಾರ, ಊಟ ಸೇರುವುದಿಲ್ಲ ಎಂದು ಹೋಗುತ್ತಾಳೆ. ನೋವಿನ ಗುಳಿಗೆ, ಬಲವರ್ಧಕ, ಸೂಜಿಮದ್ದು ಇವೇ ವರ್ಷಗಟ್ಟಲೆ ನಡೆಯುತ್ತವೆ. ಅವಳು ಸುಳ್ಳು ಹೇಳುತ್ತಿಲ್ಲ. ನೋವು ನಿಜವಾಗಿಯೂ ಇದೆ. ಅದರ ಊಟೆ ಬೇರೆ ಕಡೆ ಇದೆ.

ಎದೆ ಒಡೆಯುತ್ತದೆಂಬುದು ಬರಿಯ ಅಲಂಕಾರವೂ ಅಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರಿದ ೨೨೨ ಮಂದಿಯನ್ನು ಆರು ತಿಂಗಳು ಗಮನಿಸಿ ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತದ ಅನಂತರ ತೀವ್ರ ಖಿನ್ನತೆಗೊಳಗಾದವರಲ್ಲಿ ಮರಣದ ಸಂಭವ ಉಳಿದವರಿಗಿಂತ ಬಹುಪಾಲು ಹೆಚ್ಚೆಂದು ಕಂಡುಬಂದಿತು. ಮಧುಮೇಹಕ್ಕೂ ಖಿನ್ನತೆಗೂ ಇರುವ ನಂಟು ಎರಡೂ ಕಡೆಯಿಂದ ಹರಿಯುವಂಥದು. ಖಿನ್ನನಾದವನು ನಡೆಯುವುದಿಲ್ಲ, ಹೊತ್ತಿಗೆ ಉಣ್ಣುವುದಿಲ್ಲ, ಸಕ್ಕರೆಯ ಗುಳಿಗೆಯನ್ನು ಮರೆಯುತ್ತಾನೆ. ಇಷ್ಟೇ ಅಲ್ಲದೆ ಬಹುಕಾಲದ ಉದ್ವೇಗದಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಸುರಿಸುವ ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಏರಿಸುತ್ತದೆ.

ಇದಕ್ಕಿಂತ ಕಠೋರವಾದ ಸಂಗತಿಯೊಂದಿದೆ. ತೀವ್ರ ಮನೋರೋಗಿಗಳು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಯಿಂದ ಇರಬಹುದೆಂದು ನಾವು ಊಹಿಸುತ್ತೇವೆ. ಅದೂ ಉಂಟು, ಆದರೆ ಹೆಚ್ಚಿನ ಸಾವುಗಳು ಹೃದ್ರೋಗ, ಮಧುಮೇಹ, ಶ್ವಾಸಕೋಶದ ರೋಗಗಳಂಥ ಸಾಮಾನ್ಯ ವ್ಯಾಧಿಗಳಿಂದಲೇ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳೇ ಮೈತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಓಲಾಂಜಪಿನ್, ಕ್ಲೋಜಪಿನ್‌ಗಳ ವಿಷಯದಲ್ಲಿ ಇದು ಪ್ರಸಿದ್ಧ. ಬೀಡಿ ಹೊಗೆಸೊಪ್ಪಿನ ಚಟವೂ ಇವರಲ್ಲಿ ಹೆಚ್ಚು. ಇವೆಲ್ಲಕ್ಕಿಂತ ದೊಡ್ಡ ಕಾರಣವನ್ನು ನಮ್ಮ ನಮ್ಮ ಮನೆಗಳಲ್ಲಿಯೇ ನೋಡಬಹುದು: ಇಂಥವನು ಎದೆನೋವೆಂದರೆ ಯಾರೂ ನಂಬುವುದಿಲ್ಲ. ‘ಇವನದು ಇದ್ದದ್ದೇ’ ಎನ್ನುತ್ತಾರೆ. ಮನೆಯವರು ಹಾಗೆಂದರೆ ಕ್ಷಮಿಸಬಹುದೇನೋ. ಆಸ್ಪತ್ರೆಯಲ್ಲಿಯೂ ಹಳೆಯ ಚೀಟಿಯಲ್ಲಿ ಮನೋರೋಗದ ಹೆಸರನ್ನು ಕಂಡೊಡನೆ ಎದೆಗೆ ಕೊಳವೆಯಿಡದೆ ಕಳುಹಿಸುವವರಿದ್ದಾರೆ. ಮನಸ್ಸಿಗೆ ರೋಗ ಬಂದವನಿಗೆ ಮೈಯಿಲ್ಲವೆ?

ಇಲ್ಲಿ ವಚನಸಾಹಿತ್ಯದ ಅಭ್ಯಾಸಿಗಳಿಗೆ ಒಂದು ಮಾತು. ನಮ್ಮ ಪರಂಪರೆಯಲ್ಲಿ ‘ಮರುಳು’ ಎಂಬ ಶಬ್ದಕ್ಕೆ ಮಾನ್ಯತೆಯಿದೆ. ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರು ಲೋಕದ ಕಣ್ಣಿಗೆ ಮರುಳರಾಗಿದ್ದು ಅಲ್ಲಮಪ್ರಭುಗಳ ಕಣ್ಣಿಗೆ ಮಹಾನುಭಾವಿಗಳಾಗಿ ಕಂಡ ಪ್ರಸಂಗ ಸುಪ್ರಸಿದ್ಧ. ಇದನ್ನೇ ಹಿಡಿದು ಮನೋರೋಗಿಯನ್ನು ಅವಧೂತನೆಂದು ಕೈಮುಗಿದು ಬೀದಿಯಲ್ಲಿ ಬಿಡುವವರುಂಟು. ಇತ್ತ ಅನುಭಾವಿಗಳನ್ನೆಲ್ಲ ಮನೋರೋಗಿಗಳೆಂದು ಬರೆದು ಪಂಡಿತರೆನಿಸಿಕೊಳ್ಳುವವರೂ ಉಂಟು. ಎರಡೂ ಅವಿವೇಕವೇ. ಅನುಭಾವಿಯ ಮರುಳು ಲೋಕದ ಹಂಗನ್ನು ಕಳಚಿದರೂ ಲೋಕದ ಮೇಲಣ ಕರುಣೆಯನ್ನು ಕಳಚುವುದಿಲ್ಲ. ಅದರಲ್ಲಿ ಮಾತು ಹೊಳೆಯುತ್ತದೆ. ರೋಗದ ಮರುಳು ನಿದ್ದೆಯನ್ನೂ ಅನ್ನವನ್ನೂ ಮಾತಿನ ಜೋಡಣೆಯನ್ನೂ ಕೆಡಿಸಿ ರೋಗಿಯನ್ನು ನರಳಿಸುತ್ತದೆ. ನರಳುವವನನ್ನು ಪೂಜಿಸುವುದು ಅವನಿಗೆ ಮಾಡುವ ಉಪಕಾರವಲ್ಲ.

ಹಾಗಾದರೆ ಗುಡಿ, ಮಠ, ದರ್ಗಗಳಿಗೆ ಈ ವಿಷಯದಲ್ಲಿ ಸ್ಥಾನವೇ ಇಲ್ಲವೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ ೩೧ ಮಂದಿ ತೀವ್ರ ಮನೋರೋಗಿಗಳನ್ನು ಪರೀಕ್ಷಿಸಿ ೨೦೦೨ರಲ್ಲಿ ವರದಿಯನ್ನು ಪ್ರಕಟಿಸಿದರು. ಅಲ್ಲಿ ವಿಶೇಷ ಚಿಕಿತ್ಸೆಯೇನೂ ಇರಲಿಲ್ಲ. ರೋಗಿಯೊಡನೆ ಮನೆಯವರೊಬ್ಬರು ಇರುತ್ತಿದ್ದರು, ಬೆಳಗಿನ ಸಣ್ಣ ಪೂಜೆ, ಗುಡಿಯ ಅಂಗಳದ ಚಿಕ್ಕಪುಟ್ಟ ಕೆಲಸ. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳ ಅಂಕ ಶೇಕಡ ೨೦ರ ಹತ್ತಿರ ಇಳಿದಿತ್ತು. ಯಾರೂ ಗದರದ, ಯಾರೂ ನಗದ ಸ್ಥಳವೊಂದರ ಗುಣ ಇಷ್ಟು! ಇದನ್ನು ಅಲ್ಲಗಳೆಯುವುದು ಸಲ್ಲದು. ಉಳಿದ ಎಂಬತ್ತರ ಪಾಲನ್ನು ಮರೆಯುವುದೂ ಸಲ್ಲದು. ೧೯೫೦ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಬಂಧುಗಳನ್ನು ಜೊತೆಗೇ ಇರಿಸಿಕೊಂಡು ಚಿಕಿತ್ಸೆ ನಡೆಸಿದರು. ಔಷಧ ಮತ್ತು ಆಸರೆ ಎರಡೂ ಅಲ್ಲಿ ಕೂಡಿದವು.

ಇದರ ಇನ್ನೊಂದು ಮುಖವೂ ನೆನಪಿನಲ್ಲಿರಬೇಕು. ೨೦೦೧ನೆಯ ಆಗಸ್ಟ್ ೬ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರವಾಡಿಯಲ್ಲಿ, ದರ್ಗದ ಸನ್ನಿಧಿಯನ್ನರಸಿ ಬಂದವರಿಗಾಗಿ ಖಾಸಗಿಯವರು ನಡೆಸುತ್ತಿದ್ದ ಗುಡಿಸಿಲಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಬಿಗಿದಿತ್ತು. ೨೮ ಜನ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ೨೦೧೮ರ ಮೇ ೨೯ರಿಂದ ಜಾರಿಗೆ ಬಂದುದು, ರೋಗಿಗಳನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ಅದು ನಿಷೇಧಿಸಿದೆ. ಈ ಚಿಕಿತ್ಸೆ ೧೯೩೮ರಲ್ಲಿ ರೋಮ್ ನಗರದಲ್ಲಿ ಆರಂಭವಾದುದು. ಚಲನಚಿತ್ರಗಳಲ್ಲಿ ತೋರಿಸುವ ಭೀಕರತೆಗೂ ಇಂದು ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಿಸಿ ನಡೆಸುವ ಕ್ರಮಕ್ಕೂ ಸಂಬಂಧವಿಲ್ಲ. ಅನ್ನ ನೀರು ಬಿಟ್ಟು ಸಾವಿನಂಚಿಗೆ ಸರಿದ ತೀವ್ರ ಖಿನ್ನತೆಯಲ್ಲಿ ಅದರಷ್ಟು ಬೇಗ ಫಲ ಕೊಡುವ ಉಪಾಯ ವಿರಳ. ಕೆಲಕಾಲದ ಮರೆವು ಅದರ ದೋಷ.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ೧೮೪೭ರಷ್ಟು ಹಿಂದೆಯೇ ‘ಹುಚ್ಚರ ಆಸ್ಪತ್ರೆ’ಯಿತ್ತು. ೧೯೨೫ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ನಾಯಕತ್ವದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಪಕ್ಕದಲ್ಲಿ ಹುಟ್ಟಿ, ೧೯೭೪ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳನ್ನು ಒಂದೇ ಸೂರಿನಡಿ ಇರಿಸಿರುವ ಆ ಹೆಸರಿನಲ್ಲಿಯೇ ಈ ಲೇಖನದ ವಿಷಯ ಅಡಗಿದೆ. ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ಐದು ವರ್ಷ ಈ ಸಂಸ್ಥೆಯವರು ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಕ್ಕೆ ಔಷಧ ದೊರೆಯುವಂತೆ ಮಾಡಿದರು. ಜ್ವರಕ್ಕೆ ಮದ್ದು ಕೊಡುವವರೇ ಚಿತ್ತವಿಕಲತೆಗೂ ಮದ್ದು ಕೊಡಬಲ್ಲರೆಂದು ತೋರಿಸಿದ ಈ ಪ್ರಯೋಗವೇ ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಷ್ಟಾದರೂ, ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡ ೧೦.೬ ಮಂದಿಗೆ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿದ್ದು, ರೋಗಕ್ಕನುಗುಣವಾಗಿ ಶೇಕಡ ೭೦ರಿಂದ ೯೨ರಷ್ಟು ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ತಿಳಿವಳಿಕೆಯ ಸಾಹಿತ್ಯಕ್ಕೆ ಕನ್ನಡದಲ್ಲಿ ಬರವಿಲ್ಲ. ‘ರಾಶಿ’ಯೆಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು, ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ವಾಚನಾಲಯಗಳಲ್ಲಿಯೂ ಸಿಗುತ್ತವೆ.

ಕಡೆಯದಾಗಿ ರೋಗಿಗಳ ಬಂಧುಗಳಿಗೆ ಉಪಯೋಗವಾಗುವ ಒಂದೆರಡು ವಿಷಯಗಳು. ಯಾರಲ್ಲಿಗೆ ಹೋಗಬೇಕೆಂದು ತಿಳಿಯದವರು ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆ ಅದು, ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಖಿನ್ನತೆಯ ಔಷಧ ಫಲ ತೋರಲು ಎರಡು ಮೂರು ವಾರ ಬೇಕು. ಮೊದಲ ವಾರದಲ್ಲಿಯೇ ನಿರಾಶರಾಗಿ ಬಿಡಬಾರದು, ಗುಣವಾದೊಡನೆ ತಾವಾಗಿ ನಿಲ್ಲಿಸಲೂ ಬಾರದು. ವೈದ್ಯರಲ್ಲಿಗೆ ಹೋಗುವಾಗ ಸಕ್ಕರೆ, ಒತ್ತಡ, ಥೈರಾಯ್ಡ್ ಮೊದಲಾದವುಗಳ ಹಳೆಯ ಚೀಟಿಗಳನ್ನೂ, ನಾಟಿಮದ್ದು ಸೇವಿಸುತ್ತಿದ್ದರೆ ಅದರ ಹೆಸರನ್ನೂ ಒಯ್ಯಬೇಕು.

ಭಕ್ತರ ಮನೆಗಳಿಗೆ ವಿಶೇಷವಾಗಿ ಸಲ್ಲುವ ಸಂಗತಿಯೊಂದಿದೆ. ಉನ್ಮಾದ-ಖಿನ್ನತೆಗಳು ಸರದಿಯಂತೆ ಬರುವ ರೋಗಕ್ಕೆ ಲಿಥಿಯಂ ಎಂಬ ಲವಣವನ್ನು ಕೊಡುತ್ತಾರೆ. ೧೯೪೯ರಲ್ಲಿ ಆಸ್ಟ್ರೇಲಿಯದ ಡಾ. ಜಾನ್ ಕೇಡರು ಅದರ ಗುಣವನ್ನು ಕಂಡರು. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಕಡಿಮೆಯಾದರೆ ಫಲವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಶರೀರದಲ್ಲಿ ನೀರು, ಉಪ್ಪು ಇಳಿದಾಗ ಲಿಥಿಯಂ ಏರುತ್ತದೆ: ವಾಂತಿಭೇದಿಯಲ್ಲಿ, ಬೇಸಗೆಯ ಬೆವರಿನಲ್ಲಿ, ನೀರನ್ನೂ ಬಿಟ್ಟ ಉಪವಾಸದಲ್ಲಿ. ಇನ್ನು ಇಡೀ ರಾತ್ರಿಯ ನಿದ್ದೆಗೇಡು ಇಂಥ ರೋಗಿಗಳಲ್ಲಿ ಉನ್ಮಾದವನ್ನು ಕೆರಳಿಸಬಲ್ಲುದು. ಶಿವರಾತ್ರಿ ಬರುವುದು ಬೇಸಗೆಯ ಬಾಗಿಲಿನಲ್ಲಿ. ಅಂದು ನಿರ್ಜಲ ಉಪವಾಸವೂ ಜಾಗರಣೆಯೂ ಕೂಡುತ್ತವೆ. ಲಿಥಿಯಂ ಸೇವಿಸುವವರಿರುವ ಮನೆಯವರು ಹಬ್ಬಕ್ಕೆ ಒಂದು ವಾರ ಮುಂಚಿತವಾಗಿ ವೈದ್ಯರನ್ನು ಕಂಡು ಕೇಳಬೇಕು. ಆ ದಿನ ಅವರಿಗೆ ಹೊತ್ತುಹೊತ್ತಿಗೆ ನೀರು, ಮಜ್ಜಿಗೆ ಕೊಟ್ಟು, ಮೊದಲ ಯಾಮದ ಪೂಜೆಯಾದೊಡನೆ ಮಲಗಿಸಬೇಕು.